ಸ್ತೋತ್ರ ಕಾಣಿಕೆಯ ಲಕೋಟೆ

ಭಾನುವಾರದ ಆರಾಧನೆಯಲ್ಲಿ ಜನ ಪ್ರಸಂಗಕ್ಕಿಂತ ಹೆಚ್ಚು ಕಿವಿಗೊಡುವುದು ಪ್ರಕಟಣೆಗಳಿಗೆ. ಕನ್ನಡ ನಾಡಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ದೇವಾಲಯಗಳಲ್ಲಿ ಆ ಹೊತ್ತು ಬಂತೆಂದರೆ ಅದುವರೆಗೆ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಾರೆ. ಯಾರ ಮದುವೆ ಗೊತ್ತಾಯಿತು, ಯಾರು ಆಸ್ಪತ್ರೆಯಲ್ಲಿದ್ದಾರೆ, ಬುಧವಾರದ ಮನೆಕೂಟ ಯಾರ ಮನೆಯಲ್ಲಿ, ಇಷ್ಟೆಲ್ಲ ಮುಗಿದ ಮೇಲೆ ಸ್ತೋತ್ರ ಕಾಣಿಕೆಗಳ ಸರದಿ. ಸಣ್ಣ ಲಕೋಟೆ, ಒಳಗೊಂದು ನೋಟು, ಮೇಲೆ ಕಾರಣ. ಮಗಳು ಪಿಯುಸಿ ಪಾಸಾದದ್ದಕ್ಕೆ. ಬೋರಿನಲ್ಲಿ ನೀರು ಬಿದ್ದದ್ದಕ್ಕೆ. ಕಣ್ಣಿನ ಪೊರೆಯ ಆಪರೇಷನ್ ಸುಸೂತ್ರವಾದದ್ದಕ್ಕೆ. ಎಮ್ಮೆ ಈದದ್ದಕ್ಕೆ. ಸಭಾಪಾಲಕರು ಒಂದೊಂದನ್ನೇ ಓದುತ್ತಾರೆ, ಎಮ್ಮೆಯ ಹೆಸರು ಬಂದಾಗ ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದು ನಗುತ್ತಾರೆ.

ಊರಿನ ಸಂಸಾರಗಳ ಒಳಗುಟ್ಟು ತಿಳಿಯಲು ಇದಕ್ಕಿಂತ ಒಳ್ಳೆಯ ದಫ್ತರ ಇನ್ನೊಂದಿಲ್ಲ. ವರ್ಷಗಟ್ಟಲೆ ಲಕೋಟೆ ಓದಿದ ಸಭಾಪಾಲಕರಿಗೆ ಅಕ್ಷರ ನೋಡಿದರೆ ಸಾಕು, ಬರೆದವರು ಯಾರೆಂದು ತಿಳಿಯುತ್ತದೆ. ನಾಲ್ಕು ಮಡಿಕೆ ಮಾಡಿದ ಹತ್ತರ ನೋಟು ಯಾವ ಮನೆಯಿಂದ ಬರುತ್ತದೆ, ಗರಿಗರಿಯಾದ ಐನೂರರದು ಯಾರ ಮನೆಯದು ಎಂಬುದೂ ಗೊತ್ತು. ಅದಕ್ಕೇ ಕೆಲವು ಸಭೆಗಳಲ್ಲಿ ಕಾರಣವನ್ನಷ್ಟೇ ಓದಿ ಮೊತ್ತವನ್ನು ಬಿಟ್ಟುಬಿಡುತ್ತಾರೆ. ಒಳ್ಳೆಯ ಪದ್ಧತಿ. ಮೊತ್ತ ಓದತೊಡಗಿದರೆ ಕೃತಜ್ಞತೆಗೆ ಪೈಪೋಟಿ ಹುಟ್ಟಲು ತಿಂಗಳೂ ಬೇಕಾಗುವುದಿಲ್ಲ.

ಇದು ದೇವರ ಜತೆಗಿನ ವ್ಯಾಪಾರವಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಪೂರ್ತಿ ಸರಿಯಲ್ಲ. ಹರಕೆಯಲ್ಲಿ ಮಾತು ಮೊದಲು, ಫಲ ಆಮೇಲೆ. ಅಲ್ಲೊಂದು ಕರಾರಿನ ವಾಸನೆ ಇದ್ದೇ ಇದೆ. ಸ್ತೋತ್ರ ಕಾಣಿಕೆ ಎಲ್ಲ ಮುಗಿದ ಮೇಲೆ ಬರುವಂಥದ್ದು. ಮಗಳು ಪಾಸಾಗಿಯಾಗಿದೆ, ಎಮ್ಮೆ ಈದಾಗಿದೆ. ಈಗ ಕೊಡದಿದ್ದರೆ ಕೇಳುವವರು ಯಾರೂ ಇಲ್ಲ.

ಲಕೋಟೆಗಳಲ್ಲಿ ಕೊರತೆ ಇರುವುದು ಬೇರೆ ಕಡೆ. ಅಲ್ಲಿರುವುದೆಲ್ಲ ಸುದ್ದಿಯಾಗುವಂಥ ಸಂಗತಿಗಳೇ. ‘ಈ ವಾರ ಏನೂ ಆಗಲಿಲ್ಲ, ಅದಕ್ಕೆ’ ಎಂದು ಬರೆದ ಲಕೋಟೆ ಕಾಣಿಕೆ ಚೀಲಕ್ಕೆ ಬೀಳುವುದು ಅಪರೂಪ. ಜ್ವರ ಬರದ ವಾರ, ಬಸ್ಸು ತಪ್ಪದ ವಾರ, ಅತ್ತೆ ಸೊಸೆ ಜಗಳವಾಡದ ವಾರ. ಸಭಾಪಾಲಕರು ಪ್ರಸಂಗಪೀಠದಿಂದ ಕೃಪೆ ಕೃಪೆ ಎಂದು ಹೇಳುವುದು ಬಹುಪಾಲು ಇಂಥ ವಾರಗಳನ್ನು ಕುರಿತೇ.

ಕೃತಜ್ಞತೆಯ ಮಾತು ಬಂದಾಗ ಅವರು ಬೈಬಲ್ಲಿನಿಂದ ಆರಿಸಿಕೊಳ್ಳುವ ಕಥೆ ಸಾಮಾನ್ಯವಾಗಿ ಒಂದೇ. ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳು. ಯೇಸು ಹತ್ತೂ ಮಂದಿಯನ್ನು ವಾಸಿ ಮಾಡಿದ, ಹಿಂತಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಪರಜಾತಿಯ ಸಮಾರ್ಯದವನು. ಉಳಿದ ಒಂಬತ್ತು ಮಂದಿಗೆ ಎರಡು ಸಾವಿರ ವರ್ಷಗಳಿಂದ ಬೈಗುಳ ತಪ್ಪಿಲ್ಲ. ಆದರೆ ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದು ಯೇಸುವೇ ಅವರಿಗೆ ಹೇಳಿ ಕಳಿಸಿದ್ದ. ಹೇಳಿದ ಮಾತು ಕೇಳಿದವರು ಆ ಒಂಬತ್ತು ಮಂದಿ. ಹಿಂತಿರುಗಿದವನು ನಿಯಮ ಬಿಟ್ಟು ಬಂದವನು. ಕೃತಜ್ಞತೆಯಲ್ಲಿ ಹೀಗೆ ದಾರಿಗೆ ಅಡ್ಡ ಬೀಳುವ ಗುಣವೊಂದಿದೆ. ಒಂಬತ್ತು ಮಂದಿಯನ್ನು ಗದರಿಸುವ ಭರದಲ್ಲಿ ಅನೇಕ ಪ್ರಸಂಗಿಗಳು ಇದನ್ನು ಮರೆತುಬಿಡುತ್ತಾರೆ.

ಕೃತಜ್ಞತೆಗೆ ದಿನನಿತ್ಯದ ರೂಢಿಯ ರೂಪವೂ ಉಂಟು. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಹೇಳುವ ಎರಡು ಸಾಲಿನ ಪ್ರಾರ್ಥನೆಯನ್ನೇ ನೋಡಿ. ಹಸಿದ ಮಕ್ಕಳು ಅದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತವೆ, ಆಮೆನ್ ಅನ್ನುವಷ್ಟರಲ್ಲಿ ಕೈ ಹಪ್ಪಳದ ಮೇಲಿರುತ್ತದೆ. ಜಗತ್ತಿನ ಬಹು ಪ್ರಸಿದ್ಧ ಕೃತಜ್ಞತಾ ಗೀತೆಯೊಂದು ಹುಟ್ಟಿದ್ದು ಇಂಥದೇ ಊಟದ ಮೇಜಿನ ಮೇಲೆ. ‘ನುನ್ ಡಾಂಕೆಟ್ ಆಲ್ಲೆ ಗಾಟ್’ ಎಂಬ ಆ ಜರ್ಮನ್ ಗೀತೆಯನ್ನು ಬರೆದವನು ಸ್ಯಾಕ್ಸನಿಯ ಐಲೆನ್‌ಬುರ್ಗ್ ಊರಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್. ಹುಟ್ಟಿದ್ದು 1586ರಲ್ಲಿ, ಅದೇ ಊರಲ್ಲಿ. ಸುಮಾರು 1630ರ ಹೊತ್ತಿಗೆ ತನ್ನ ಮನೆಯವರು ಊಟದ ವೇಳೆ ಹಾಡಲೆಂದು ಅವನು ಹೊಸೆದ ಪುಟ್ಟ ಪ್ರಾರ್ಥನೆ ಅದು.

ಆಗ ಜರ್ಮನಿಯಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆದಿತ್ತು. ಐಲೆನ್‌ಬುರ್ಗಿಗೆ ಕೋಟೆಗೋಡೆ ಇದ್ದುದರಿಂದ ಸುತ್ತಲ ಹಳ್ಳಿಗಳ ಜನ ಜೀವ ಉಳಿಸಿಕೊಳ್ಳಲು ಒಳಗೆ ನುಗ್ಗಿದರು. ಜನದ ಹಿಂದೆಯೇ ರೋಗ ಬಂತು. 1637ರ ಪ್ಲೇಗಿನಲ್ಲಿ ಊರಿನ ಉಳಿದ ಪಾದ್ರಿಗಳು ಸತ್ತರು, ಇಲ್ಲವೇ ಊರು ಬಿಟ್ಟರು. ರಿಂಕಾರ್ಟ್ ಒಬ್ಬನೇ ಉಳಿದ. ದಿನವೊಂದಕ್ಕೆ ನಲವತ್ತು, ಐವತ್ತು ಹೆಣಗಳ ಮುಂದೆ ಅಂತ್ಯಸಂಸ್ಕಾರದ ಮಾತು ಓದಿದ. ಆ ಒಂದು ವರ್ಷ ಅವನು ಮಣ್ಣು ಮಾಡಿದವರ ಸಂಖ್ಯೆ ನಾಲ್ಕು ಸಾವಿರ ದಾಟಿತು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಪ್ಲೇಗು ಇಳಿದರೆ ಕ್ಷಾಮ. ಅವನು ಮುಂದಿನ ವರ್ಷಗಳ ಸಂಬಳವನ್ನು ಅಡವಿಟ್ಟು ಬಾಗಿಲಿಗೆ ಬಂದವರಿಗೆ ರೊಟ್ಟಿ ಹಂಚಿದ. ಅಷ್ಟರಲ್ಲಿ ಸ್ವೀಡನ್ನಿನ ಸೇನೆ ಬಂದು ಮೂವತ್ತು ಸಾವಿರ ಥೇಲರ್ ಕಪ್ಪ ಕೇಳಿತು. ಅಂಗಲಾಚಿದರೂ ದಳಪತಿ ಜಗ್ಗಲಿಲ್ಲ. ರಿಂಕಾರ್ಟ್ ಊರವರನ್ನು ಕರೆದುಕೊಂಡು ಚರ್ಚಿಗೆ ಹೋಗಿ ಮೊಣಕಾಲೂರಿದ. ಕೊನೆಗೆ ಎರಡು ಸಾವಿರ ಫ್ಲೋರಿನ್ನಿಗೆ ಇತ್ಯರ್ಥವಾಯಿತು.

ಯುದ್ಧ ಮುಗಿದು ಶಾಂತಿ ಒಪ್ಪಂದವಾದ 1648ರಲ್ಲಿ, ಸಂತೋಷದಿಂದ ಅವನು ಆ ಗೀತೆ ಬರೆದ ಎಂದು ಬಹಳ ಕಾಲ ಹೇಳುತ್ತಿದ್ದರು. ಕಥೆ ಚೆನ್ನಾಗಿ ಹೊಂದುತ್ತದೆ, ಕಾಲ ಹೊಂದುವುದಿಲ್ಲ. ಯೋಹಾನ್ ಕ್ರ್ಯೂಗರ್ ಇದಕ್ಕೆ ರಾಗ ಕೂಡಿಸಿದ್ದೇ 1647ರಲ್ಲಿ. ಹಾಡು ಮೊದಲು ಬಂತು, ಪ್ಲೇಗು ಆಮೇಲೆ. ಅಂದರೆ ಆ ವರ್ಷ ಸ್ಮಶಾನದಿಂದ ಮನೆಗೆ ಬಂದು ಕೈ ತೊಳೆದು ಕುಳಿತಾಗ, ಆ ಮೇಜಿನ ಮುಂದೆ ರೂಢಿಯಲ್ಲಿದ್ದ ಪ್ರಾರ್ಥನೆ ಅದೇ. ಸಂತೋಷಕ್ಕೆ ಬರೆದ ಹಾಡಿಗಿಂತ ಇದು ಗಟ್ಟಿ ಸಂಗತಿ. ನೂರಿಪ್ಪತ್ತು ವರ್ಷ ಕಳೆದು, 1757ರಲ್ಲಿ ಲಾಯ್ಟೆನ್ ಕದನ ಗೆದ್ದ ಪ್ರಷ್ಯಾದ ಸೈನಿಕರು ರಣರಂಗದಲ್ಲೇ ಅದನ್ನು ಹಾಡಿದರಂತೆ. ಮಕ್ಕಳ ಊಟದ ಪ್ರಾರ್ಥನೆಗೆ ಬಂದ ಗತಿ!

ತಟ್ಟೆಯ ಮುಂದಿನ ಕೃತಜ್ಞತೆ ಮಿಜೋರಾಮಿನಲ್ಲಿ ತಟ್ಟೆಗೆ ಬರುವ ಮೊದಲೇ ಶುರುವಾಗುತ್ತದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಹೆಂಗಸರು ಪ್ರತಿ ಸಲ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಾರೆ. ಇದಕ್ಕೆ ‘ಬುಹ್‌ಫಾಯ್ ಥಾಮ್’ ಎಂದು ಹೆಸರು, 1910ರಲ್ಲಿ ಶುರುವಾದದ್ದು. ಡಬ್ಬ ತುಂಬಿದಾಗ ಅಕ್ಕಿ ಚರ್ಚಿಗೆ ಹೋಗುತ್ತದೆ, ಮಾರಿ ಬಂದ ಹಣ ಸೇವೆಗೆ ಹೋಗುತ್ತದೆ. ನಮ್ಮ ಮಠಗಳ ಮುಷ್ಟಿ ಧಾನ್ಯ ಕಂಡವರಿಗೆ ಇದರ ಲೆಕ್ಕಾಚಾರ ವಿವರಿಸಬೇಕಿಲ್ಲ. ಹಿಡಿ ಚಿಕ್ಕದು, ಒಲೆಗಳು ಬಹಳ. ಇಂದು ಆ ಅಕ್ಕಿ ಕೋಟಿಗಟ್ಟಲೆ ರೂಪಾಯಿ ಆಗುತ್ತದೆ. ಹಾಗೆ ತೆಗೆದಿಟ್ಟದ್ದರಿಂದ ಯಾವ ಮನೆಯಲ್ಲೂ ಅನ್ನ ಕಡಿಮೆ ಬಿದ್ದಂತೆ ಕಾಣುವುದಿಲ್ಲ.

ಕನ್ನಡ ಸಭೆಗಳಲ್ಲಿ ಇದಕ್ಕೆ ಸಮನಾದ ಗಲಾಟೆ ಎಂದರೆ ಬೆಳೆ ಹಬ್ಬ. ಗಲಾಟೆ ಎಂದೇ ಹೇಳಬೇಕು. ಕಬ್ಬಿನ ಜಲ್ಲೆ, ಬಾಳೆಗೊನೆ, ಜೋಳದ ತೆನೆ, ಕೊತ್ತಂಬರಿ ಕಟ್ಟು, ಕಾಲು ಕಟ್ಟಿದ ಕೋಳಿ ಎಲ್ಲವೂ ದೇವರ ಮುಂದೆ ಸಾಲಾಗಿ ಕೂರುತ್ತವೆ. ಪ್ರಸಂಗದ ನಡುವೆ ಹುಂಜ ಕೂಗಿದರೆ, ಕೋಳಿ ಕೂಗುವ ಮೊದಲು ಯೇಸುವನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನ ನೆನಪಾಗಿ ಹಿರಿಯರು ಮುಸಿನಗುತ್ತಾರೆ. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಸವಾಲು. ಪೇಟೆಯಲ್ಲಿ ನಲವತ್ತಕ್ಕೆ ಸಿಗುವ ಕುಂಬಳಕಾಯಿಗೆ ಇಲ್ಲಿ ನೂರು, ಇನ್ನೂರು, ಮುನ್ನೂರು. ಕೂಗುವವನ ಗಂಟಲು ಬಿದ್ದುಹೋಗಿದೆ. ಮುನ್ನೂರೈವತ್ತಕ್ಕೆ ಹಿಡಿದವನು ಕಾಯಿಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ‘ತಗೋರಿ, ಮತ್ತ ಕೂಗ್ರಿ’ ಎಂದು ಅಲ್ಲೇ ಇಟ್ಟುಬಿಡುತ್ತಾನೆ. ಅದೇ ಕುಂಬಳಕಾಯಿ ಮತ್ತೆ ಸವಾಲಿಗೆ ನಿಲ್ಲುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರು ನೋಡಿದರೆ ತಲೆ ಚಚ್ಚಿಕೊಂಡಾರು. ಕೆಜಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವವರು ಆ ಅಂಗಳದಲ್ಲಿ ಯಾರೂ ಇರುವುದಿಲ್ಲ. ಕರಾವಳಿಯ ಕಥೋಲಿಕರ ಮೊಂತಿ ಹಬ್ಬ ಇದಕ್ಕಿಂತ ಮೆಲುದನಿಯದು. ಸೆಪ್ಟೆಂಬರ್ 8ರಂದು ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ; ಅದರ ಕಾಳು ಹಾಲಿನಲ್ಲೋ ಪಾಯಸದಲ್ಲೋ ಬಿದ್ದು ಎಲ್ಲರ ಬಾಯಿಗೂ ಒಂದಿಷ್ಟು ಸೇರುತ್ತದೆ.

ಕೃತಜ್ಞತೆಗೆ ಕಾರಣವಾಗುವುದು ದಯೆ. ದಯೆ ಎಂದೊಡನೆ ಮೆತ್ತಗಿನ ಮಾತು, ತಲೆ ಸವರುವ ಕೈ ನೆನಪಾಗುವವರು ಫ್ರಾನ್ಸಿನ ಆಲ್ಸೇಸಿನ ಪಾದ್ರಿ ಓಬರ್ಲಿನನನ್ನು ಒಮ್ಮೆ ನೋಡಬೇಕು. ವೋಜ್ ಬೆಟ್ಟಗಳ ವಾಲ್ಡೆರ್ಸ್‌ಬಾಕ್ ಎಂಬ ಬಡ ಹಳ್ಳಿಗೆ ಅವನು 1767ರಲ್ಲಿ ಬಂದ, 1826ರಲ್ಲಿ ಸಾಯುವವರೆಗೆ ಕದಲಲಿಲ್ಲ. ಪೇಟೆಗೆ ಹೋಗಲು ನೆಟ್ಟಗೆ ದಾರಿಯೇ ಇರಲಿಲ್ಲ. ರಸ್ತೆ ಕಡಿಯೋಣ ಎಂದರೆ ರೈತರು ನಕ್ಕರು. ಅವನು ಗುದ್ದಲಿ ಹೆಗಲಿಗೇರಿಸಿ ತಾನೇ ಮುಂದಾದ, ಆಮೇಲೆ ಅವರೂ ಬಂದರು. ಹೊಳೆಗೆ ಸೇತುವೆ, ಒಳ್ಳೆಯ ಬಿತ್ತನೆ ಆಲೂಗಡ್ಡೆ, ಸಾಲಕ್ಕೊಂದು ನಿಧಿ, ಪುಟ್ಟ ಮಕ್ಕಳಿಗೆ ಹೆಣಿಗೆ ಕಲಿಸುವ ಶಾಲೆ, ಎಲ್ಲ ಒಂದರ ಹಿಂದೊಂದು. ಅವನಲ್ಲಿ ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣಕ್ಕೆ ಬರುವ ಹುಡುಗ ಹುಡುಗಿಯರು ಎರಡು ಮರ ನೆಟ್ಟಿದ್ದೇವೆಂದು ಅಪ್ಪ ಅಮ್ಮನಿಂದ ಚೀಟಿ ತರಬೇಕಿತ್ತು. ಇನ್ನೂ ಹುಟ್ಟದವರು ಹಣ್ಣು ತಿನ್ನಲೆಂದು ಪೋರ ಗುಂಡಿ ತೋಡಬೇಕು.

ಇವೆಲ್ಲ ಕೊಟ್ಟವರ ಕಥೆಗಳು. ಸಭಾಪಾಲಕರ ದಿನಚರಿಯಲ್ಲಿ ಹೆಚ್ಚು ಕಷ್ಟದ ಭಾಗ ತೆಗೆದುಕೊಳ್ಳುವುದು. ಮನೆ ಭೇಟಿಗೆ ಹೊರಟವರನ್ನು ಕೇಳಬೇಕು. ಮೊದಲ ಮನೆಯಲ್ಲಿ ಚಹಾ, ಎರಡನೆಯದರಲ್ಲಿ ಚಹಾ, ಮೂರನೆಯದರಲ್ಲಿ ‘ಅಯ್ನೋರ, ನಮ್ಮನ್ಯಾಗ ಚಾ ಕುಡಿಯಂಗಿಲ್ಲೇನ್ರಿ?’ ಎಂಬ ಪ್ರಶ್ನೆ. ಸಕ್ಕರೆ ಕಾಯಿಲೆ ಇದೆ ಎಂದರೂ ಬಿಡುಗಡೆ ಇಲ್ಲ, ‘ಸಕ್ರಿ ಒಂಚೂರ ಹಾಕೇನಿ’ ಎಂದು ಲೋಟ ಮುಂದೆ ಬರುತ್ತದೆ. ಕೂಲಿಯ ಮನೆಯಾಕೆ ಪಕ್ಕದ ಮನೆಯಿಂದ ಹಾಲು ಕಡ ತಂದಿರುತ್ತಾಳೆ. ಅದು ಕಣ್ಣಿಗೆ ಬಿದ್ದ ಹೊಸಬ ಪಾದ್ರಿಯ ಕೈ ಜೇಬಿಗೆ ಹೋಗುತ್ತದೆ, ಹೊರಡುವಾಗ ಒಂದು ನೋಟನ್ನು ಮಗುವಿನ ಕೈಗೆ ತುರುಕೋಣ ಎನಿಸುತ್ತದೆ. ಕರುಣೆಯೇ, ಸಂಶಯವಿಲ್ಲ. ಆದರೆ ಆ ನೋಟು ಬಿದ್ದೊಡನೆ ಅವಳ ಚಹಾ ಹೋಟೆಲಿನ ಚಹಾ ಆಗಿಬಿಡುತ್ತದೆ. ಹಳಬರು ಸುಮ್ಮನೆ ಕುಡಿಯುತ್ತಾರೆ, ಚಲೋ ಆಗೈತಿ ಎನ್ನುತ್ತಾರೆ, ಅಕ್ಕಿಯೋ ಔಷಧಿಯೋ ಬೇಕಿದ್ದರೆ ಬೇರೊಂದು ದಿನ ಬೇರೊಬ್ಬರ ಕೈಯಲ್ಲಿ ಕಳಿಸುತ್ತಾರೆ.

ಹೀಗೆ ಮನೆಮನೆಗೆ ಹೋಗಿ ತೆಗೆದುಕೊಳ್ಳುವುದರಲ್ಲಿ ಕನ್ನಡದ ಒಬ್ಬ ಪಾದ್ರಿಯನ್ನು ಮೀರಿಸಿದವರಿಲ್ಲ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಪಾಲಕರಾಗಿದ್ದವರು. ಮಿಶನ್ನಿನ ಕೆಲಸ ಕೊಡುವುದು, ಉಪದೇಶಿಸುವುದು. ಚನ್ನಪ್ಪನವರು ಅದರ ಜತೆಗೆ ಬೇಡಲು ಹೊರಟರು. ಬೇಡಿದ್ದು ಸರ್ವಜ್ಞನ ತ್ರಿಪದಿಗಳನ್ನು. ಬಲ್ಲವರ ಬಾಯಿಂದ ಕೇಳಿದರು, ಓಲೆಗರಿ ಇದ್ದವರ ಮನೆಗಳನ್ನು ಹುಡುಕಿದರು, ಪಾಠ ಹೋಲಿಸಿದರು. ಭಿಕ್ಷಾಪಾತ್ರೆ ಹಿಡಿದು ಊರೂರು ಸುತ್ತಿದ ಕವಿಯ ಪದ್ಯಗಳು ಹೀಗೆ ಇನ್ನೊಬ್ಬ ಭಿಕ್ಷುಕನ ಜೋಳಿಗೆಗೆ ಬಿದ್ದವು. 1924ರಲ್ಲಿ ‘ಸರ್ವಜ್ಞನ ವಚನಗಳು’ ಅಚ್ಚಾಯಿತು. ತಿರುಳ್ಗನ್ನಡದ ತಿರುಕ ಎಂದು ಅವರನ್ನು ಕರೆಯುವುದುಂಟು. ಸಾಹಿತ್ಯ ಪರಿಷತ್ತಿನವರು ಆ ತಿರುಕನನ್ನೇ ಕರೆದು 1949ರ ಕಲಬುರ್ಗಿ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿದರು.

ಸರ್ವಜ್ಞನಲ್ಲಿಗೇ ಅವರು ನಿಲ್ಲಲಿಲ್ಲ. ಅನುಭವ ಮಂಟಪ ನಿಜವಾಗಿ ಇತ್ತೆಂದು ವಾದಿಸಿ ಪುಸ್ತಕ ಬರೆದರು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು, ಎಸ್.ಎಸ್. ಭೂಸನೂರಮಠರ ಜತೆಗೂಡಿ ಮೋಳಿಗೆ ಮಾರಯ್ಯ ಮತ್ತು ಅವನ ಹೆಂಡತಿ ಮಹಾದೇವಿಯರ ವಚನಗಳನ್ನು ಹೊರತಂದರು. ಈ ಮಾರಯ್ಯನ ಕಥೆ ಮನೆ ಭೇಟಿಗೆ ಹೊರಡುವ ಪ್ರತಿಯೊಬ್ಬ ಪಾದ್ರಿಗೂ ಗೊತ್ತಿರಬೇಕಾದದ್ದು. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬದುಕಿದ ಎಂದು ಶರಣರ ಕಥೆಗಳು ಹೇಳುತ್ತವೆ. ಒಂದು ದಿನ ಬಸವಣ್ಣ ವೇಷ ಮರೆಸಿಕೊಂಡು, ಗಂಡ ಮನೆಯಲ್ಲಿಲ್ಲದ ಹೊತ್ತಿಗೆ ಬಂದ. ಮಹಾದೇವಿ ಬಡಿಸಿದ ಅಂಬಲಿ ಉಂಡ. ಅವರ ಬಡತನ ನೋಡಲಾರದೆ ಹೊನ್ನಿನ ಗಂಟನ್ನು ಗುಟ್ಟಾಗಿ ಅಲ್ಲೇ ಬಿಟ್ಟು ಹೋದ. ಸೌದೆ ಹೊರೆ ಇಳಿಸಿ ಒಳಗೆ ಬಂದ ಮಾರಯ್ಯನಿಗೆ ಗಂಟು ಕಂಡಿತು, ಇಟ್ಟವರು ಯಾರೆಂದೂ ಹೊಳೆಯಿತು. ಅವನಿಗೆ ಸಿಟ್ಟು ಬಂತು. ಜಂಗಮರನ್ನು ಕರೆಸಿ ಅಷ್ಟೂ ಹೊನ್ನನ್ನು ಹಂಚಿಬಿಟ್ಟು, ಮರುದಿನ ಎಂದಿನಂತೆ ಸೌದೆ ಕಡಿಯಲು ಕಾಡಿಗೆ ಹೋದ.