ಒಂದು ಜಿಲ್ಲೆ, ಎಂಬತ್ತು ಸೀಟು

ನಮ್ಮ ಬೆಳಗಾವಿ ಕಡೆ ಮಗು ನಾಲ್ಕನೇ ತರಗತಿ ದಾಟುವ ಹೊತ್ತಿಗೆ ಮನೆಯಲ್ಲಿ ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ಮಾತು ಶುರುವಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಪೇಟೆಗೆ ಹೋದರೂ ‘ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು’ ಎಂದು ಒಂದೇ ಉಸಿರಿನಲ್ಲಿ ಬರೆಸಿದ ಕೋಚಿಂಗ್ ಬೋರ್ಡುಗಳು. ಕಬ್ಬಿನ ಬಿಲ್ಲು ಕೈಗೆ ಬಂದವರು ಅಲ್ಲಿ ಫೀ ಕಟ್ಟುತ್ತಾರೆ. ಕಬ್ಬು ಕಡಿಯಲು ಹೋಗುವವರು ಸಾಲ ಮಾಡುತ್ತಾರೆ, ಇಲ್ಲವೇ ಊರ ಶಾಲೆಯ ಮಾಸ್ತರರನ್ನೇ ನಂಬುತ್ತಾರೆ.

ಫಲಿತಾಂಶ ಬಂದ ಮೇಲೆ ಕೇಳಿಸುವ ಮಾತು ಬೇರೆ. “ನಮ್ಮ ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ್ರೀ ಸರ, ಆದ್ರೂ ಯಾಕ ಸಿಗಲಿಲ್ಲ?”

ಈ ಪ್ರಶ್ನೆಗೆ ಆ ತಾಯಿಯ ಮುಂದೆ ನಿಂತು ಉತ್ತರ ಹೇಳುವುದು ಕಷ್ಟ. ಎರಡು ತಾಸಿನ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಹೊಂದದ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ ಎಂಬಂಥ ಪ್ರಶ್ನೆಗಳು. ಕಲಿಸದೆಯೂ ಇರುವ ಬುದ್ಧಿಯನ್ನು ಗುರುತಿಸಲೆಂದು ಇಟ್ಟ ಪ್ರಶ್ನೆಗಳಿವು. ಆದರೆ ವರ್ಷಗಟ್ಟಲೆ ಇದನ್ನೇ ತಿದ್ದಿದ ಮಗುವಿಗೂ ಪರೀಕ್ಷೆಯ ದಿನವೇ ಮೊದಲ ಸಲ ನೋಡಿದ ಮಗುವಿಗೂ ಅವು ಒಂದೇ ಅಲ್ಲ. ಮೇಲಾಗಿ ಆರನೇ ತರಗತಿಯ ಈ ಪರೀಕ್ಷೆಯನ್ನು ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ. ಅಂದು ಜ್ವರ ಬಂದಿದ್ದರೆ ಮುಗಿಯಿತು.

ಆದರೂ ನವೋದಯದ ಮೇಲೆ ನನಗೆ ಗೌರವವಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅತ್ಯಂತ ಒಳ್ಳೆಯ ಫಲಗಳಲ್ಲಿ ಅದೊಂದು. ಕನಿಷ್ಠ ಶೇ 75ರಷ್ಟು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ ಎಲ್ಲವೂ ಅಲ್ಲೇ. ಇಂಥ ಶಾಲೆಗಾಗಿ ಹೆತ್ತವರು ಹಂಬಲಿಸಿದರೆ ತಪ್ಪೇನಿದೆ?

ತಪ್ಪಿರುವುದು ಲೆಕ್ಕದಲ್ಲಿ. ಜಿಲ್ಲೆಗೊಂದು ನವೋದಯ, ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಬೆಳಗಾವಿಯದು 47 ಲಕ್ಷಕ್ಕೂ ಮೇಲೆ. ಅಲ್ಲಿ ಎರಡು ವಿಧಾನಸಭಾ ಕ್ಷೇತ್ರ, ಇಲ್ಲಿ 18. ಕೊಡಗಿನ ಮಕ್ಕಳಿಗೆ ಗಾಳಿಬೀಡಿನಲ್ಲಿ ಒಂದು ಶಾಲೆ, ನಮ್ಮ ಮಕ್ಕಳಿಗೆ ಚಿಕ್ಕೋಡಿ ಹತ್ತಿರದ ಕೋಥಳಿಯಲ್ಲಿ ಒಂದೇ ಶಾಲೆ. ಕೊಡಗಿನವರ ಪಾಲು ಕಡಿಮೆಯಾಗಲಿ ಎಂದು ಯಾರೂ ಬಯಸುವುದಿಲ್ಲ, ನಾನಂತೂ ಬಯಸಲಾರೆ. ಆದರೆ 1997ರಲ್ಲಿ ಬಾಗಲಕೋಟೆ ವಿಜಯಪುರದಿಂದ ಬೇರೆಯಾಯಿತು. ಇಂದು ಬಾಗಲಕೋಟೆಗೆ ಬೇವೂರಿನಲ್ಲೊಂದು, ವಿಜಯಪುರಕ್ಕೆ ಆಲಮಟ್ಟಿಯಲ್ಲೊಂದು ನವೋದಯವಿದೆ. ಗೋಕಾಕ, ಚಿಕ್ಕೋಡಿ ಜಿಲ್ಲೆಗಳಾಗಲಿ ಎಂಬ ಹಳೆಯ ಬೇಡಿಕೆ ಹಾಗೇ ಉಳಿದುದರಿಂದ ನಮ್ಮ ಮಕ್ಕಳು ಕಳೆದುಕೊಂಡದ್ದು ಎಷ್ಟು! ಶಾಲಾ ಆಡಳಿತಕ್ಕೆಂದು ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಮಾಡಿಕೊಂಡಿದ್ದೇವೆ, ನವೋದಯದ ಮಟ್ಟಿಗೆ ಮಾತ್ರ ಎರಡೂ ಒಂದೇ.

ಈ ಲೆಕ್ಕ ತಿಳಿಯದ ತಂದೆ ಸಿಟ್ಟನ್ನು ಮಗನ ಮೇಲೆ ತೀರಿಸಿಕೊಳ್ಳುತ್ತಾನೆ. “ಇಷ್ಟು ರೊಕ್ಕಾ ಸುರದ್ನಿ, ಏನ್ ಮಾಡಿದಿ?” ಹತ್ತು ವರ್ಷದ ಹುಡುಗ ಏನು ಉತ್ತರ ಕೊಟ್ಟಾನು? ಸಾವಿರಾರು ಮಕ್ಕಳು ಬರೆದಲ್ಲಿ ಎಂಬತ್ತರೊಳಗೆ ಬರದಿರುವುದು ದಡ್ಡತನವಲ್ಲ. ಮರುದಿನ ಅವನು ಹೋಗಿ ಕೂರುವ ಊರ ಸರ್ಕಾರಿ ಶಾಲೆಯಲ್ಲಿ ಗಣಿತಕ್ಕೊಬ್ಬ ಶಿಕ್ಷಕರು ಕಾಯಂ ಆಗಿ ಇದ್ದಾರೆಯೇ ಎಂದು ಅದೇ ತಂದೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದ್ದರೆ ಆ ಸಿಟ್ಟು ಸಾರ್ಥಕವಾಗುತ್ತಿತ್ತು.

ಪರಿಶಿಷ್ಟರ ಸಂಖ್ಯೆ ಹೆಚ್ಚಿರುವ ದೇಶದ ಕೆಲವು ಜಿಲ್ಲೆಗಳಿಗೆ ಕೇಂದ್ರ ಸರ್ಕಾರ ಎರಡನೇ ನವೋದಯ ಕೊಟ್ಟಿದೆ. ಅಂದರೆ ಜಿಲ್ಲೆಗೆ ಒಂದೇ ಎಂಬುದು ಮುರಿಯಲಾಗದ ನಿಯಮವಲ್ಲ. ಬೆಳಗಾವಿ ಮತ್ತು ಚಿಕ್ಕೋಡಿಯ ಸಂಸದರು ಪಕ್ಷ ಮರೆತು ನಮಗೂ ಎರಡನೆಯದನ್ನು ದೆಹಲಿಯಲ್ಲಿ ಕೇಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ತಂದೆತಾಯಂದಿರೇ, ಮುಂದಿನ ಸಲ ಅವರು ಮತ ಕೇಳಲು ಬಂದಾಗ ಎರಡನೇ ನವೋದಯ ಎಲ್ಲಿ ಎಂದು ಕೇಳಿ.