ಎಂಟು ಗಂಟೆಯ ಮಾತ್ರೆ

ಊರಿಗೆ ಹೊರಡಲು ಇನ್ನು ಮೂರೇ ದಿನ ಉಳಿದಿತ್ತು. ಅಮ್ಮನಿಗೆಂದು ಕೊಂಡ ಲವಂಗದ ಪೊಟ್ಟಣ, ತಂಗಿಗೆಂದು ಕೊಂಡ ಖಾಂಗಾ ಬಟ್ಟೆ ಆಗಲೇ ಚೀಲದ ತಳ ಸೇರಿದ್ದವು. ಕಲಿಯುವುದೆಲ್ಲ ಮುಗಿಯಿತು, ಉಳಿದದ್ದು ವಿದಾಯ ಹೇಳುವುದು ಮಾತ್ರ ಎಂದುಕೊಂಡೇ ಆ ಗುರುವಾರ ಬೆಳಿಗ್ಗೆ ಆಕೆ ಆರೋಗ್ಯ ಕೇಂದ್ರಕ್ಕೆ ಹೋದಳು.

ಆಕೆ ಇಂಗ್ಲೆಂಡಿನ ವೈದ್ಯ ವಿದ್ಯಾರ್ಥಿನಿ. ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಓದಿನ ಕೊನೆಯ ಹಂತದಲ್ಲಿ ಕೆಲವು ವಾರ ತಮಗಿಷ್ಟವಾದ ಊರಿಗೆ ಹೋಗಿ ಕೆಲಸ ನೋಡಿ ಕಲಿಯುವ ಪದ್ಧತಿಯಿದೆ. ಅದಕ್ಕೆ 'ಇಲೆಕ್ಟಿವ್' ಎನ್ನುತ್ತಾರೆ. ಆಕೆಯ ಕೊನೆಯ ಪರೀಕ್ಷೆಗಳು ಮುಗಿದಿದ್ದವು. ಆಗಸ್ಟ್ ತಿಂಗಳ ಮೊದಲ ಬುಧವಾರ ಅಲ್ಲಿನ ಹೊಸ ವೈದ್ಯರೆಲ್ಲ ಕೆಲಸಕ್ಕೆ ಸೇರುತ್ತಾರೆ. ಅದಕ್ಕೆ ಮುಂಚಿನ ಆರು ವಾರಗಳನ್ನು ಕಳೆಯಲು ಆಕೆ ಆರಿಸಿಕೊಂಡದ್ದು ಜಾಂಜಿಬಾರ್ ದ್ವೀಪವನ್ನು.

ಜಾಂಜಿಬಾರ್ ಇರುವುದು ಹಿಂದೂ ಮಹಾಸಾಗರದಲ್ಲಿ, ಆಫ್ರಿಕದ ಪೂರ್ವ ಕರಾವಳಿಗೆ ಅಂಟಿದಂತೆ, ಸಮಭಾಜಕ ವೃತ್ತದಿಂದ ಆರು ಡಿಗ್ರಿ ದಕ್ಷಿಣಕ್ಕೆ. ಟಾಂಜಾನಿಯಾ ದೇಶಕ್ಕೆ ಸೇರಿದ್ದು. ಲವಂಗಕ್ಕೆ ಹೆಸರಾದ ನಾಡು. ತೆಂಗು, ಹಲಸು, ಮಾವು ಅಲ್ಲಿಯೂ ಇವೆ. ಅದರ ಹಳೆಯ ಪೇಟೆ ಸ್ಟೋನ್ ಟೌನ್‌ನ ಗಲ್ಲಿಗಳಲ್ಲಿ ಗುಜರಾತಿನಿಂದ ಹೋಗಿ ನೆಲೆಸಿದವರ ಕೆತ್ತನೆಯ ಬಾಗಿಲುಗಳನ್ನು ಇಂದಿಗೂ ಕಾಣಬಹುದು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ 'ದುಕಾ', ಔಷಧಿಗೆ 'ದವಾ', ವಾಹನಕ್ಕೆ 'ಗಾರಿ', ಚಪಾತಿಗೆ 'ಚಪಾತಿ'ಯೇ.

ಆದರೆ ಆ ಭಾಷೆಯಲ್ಲಿ ಹೊಸಬರನ್ನು ಮುಗ್ಗರಿಸುವಂತೆ ಮಾಡುವ ಸಂಗತಿಯೊಂದಿದೆ. ಅದು ಗಡಿಯಾರ. ಸ್ವಾಹಿಲಿ ಜನ ಗಂಟೆಯನ್ನು ಎಣಿಸುವುದು ನಡುರಾತ್ರಿಯಿಂದ ಅಲ್ಲ, ಬೆಳಕು ಹರಿದಲ್ಲಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ಎಂಟು ಗಂಟೆ 'ಸಾ ಂಬಿಲಿ', ಎರಡು ಗಂಟೆ. ಸಂಜೆ ಕತ್ತಲಾದ ಮೇಲೆ ಮತ್ತೆ ಒಂದರಿಂದ ಎಣಿಕೆ. ಕೈಗಡಿಯಾರದಲ್ಲಿ ಮುಳ್ಳು ಎಂಟರ ಮೇಲಿದ್ದರೂ ಬಾಯಲ್ಲಿ ಬರುವುದು ಎರಡು!

ಇದರಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಪಂಚಾಂಗವೂ ಸೂರ್ಯೋದಯದಿಂದಲೇ ಘಳಿಗೆಗಳನ್ನು ಎಣಿಸುತ್ತದೆ. ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಅದರಲ್ಲಿಯೂ ಸಮಭಾಜಕ ವೃತ್ತದ ಸಮೀಪ ಈ ಲೆಕ್ಕ ಬಹಳ ಅನುಕೂಲ. ಜಾಂಜಿಬಾರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಮುಕ್ಕಾಲು ಗಂಟೆಗಿಂತ ಕಡಿಮೆ. ಸೂರ್ಯ ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಆರೂವರೆಯ ಹೊತ್ತಿಗೆ ಹುಟ್ಟುತ್ತಾನೆ. ಇಂಗ್ಲೆಂಡಿನಲ್ಲಾದರೋ ಜೂನ್ ತಿಂಗಳಲ್ಲಿ ಐದು ಗಂಟೆಗೆ ಮೊದಲೇ ಬೆಳಕು, ಡಿಸೆಂಬರಿನಲ್ಲಿ ಎಂಟು ಗಂಟೆಯಾದರೂ ಕತ್ತಲೆ. ಅಲ್ಲಿ ಸೂರ್ಯನನ್ನು ನಂಬಿ ಗಂಟೆ ಎಣಿಸುವುದು ಸಾಧ್ಯವೇ ಇಲ್ಲ.

ಈ ವಿಷಯ ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಮೊದಲ ವಾರವೇ ಪಾಠವಾಗಿತ್ತು. ಪೇಟೆಗೆ ಹೋಗುವ ವ್ಯಾನು 'ಸಾ ಮೋಜಾ'ಕ್ಕೆ ಎಂದಾಗ ಮಧ್ಯಾಹ್ನ ಒಂದು ಗಂಟೆಗೆ ರಸ್ತೆಗೆ ಹೋಗಿ ನಿಂತಿದ್ದಳು. ವ್ಯಾನು ಬೆಳಗಿನ ಏಳಕ್ಕೇ ಹೋಗಿಯಾಗಿತ್ತು. ಮನೆಗೆ ಬರೆದ ಪತ್ರದಲ್ಲಿ ಅದನ್ನು ತಮಾಷೆಯಾಗಿ ವರ್ಣಿಸಿದ್ದಳು ಕೂಡ.

ಸೋಮವಾರ ಕೇಂದ್ರದಲ್ಲಿ ಸಾಲು ಬಾಗಿಲು ದಾಟಿ ಅಂಗಳದ ತೆಂಗಿನಮರದವರೆಗೆ ಬೆಳೆದಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಒಂದೂವರೆ ವರ್ಷದ ಮಗುವನ್ನು ತಂದಳು. ಜ್ವರ, ಕೆಮ್ಮು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಮಲೇರಿಯಾ ಪರೀಕ್ಷೆ ಮಾಡಿದರು. ಅದಲ್ಲ ಎಂದು ತಿಳಿಯಿತು. ಸೊಳ್ಳೆಪರದೆ, ಗೋಡೆಗೆ ಔಷಧಿ ಸಿಂಪಡಣೆ, ಒಳ್ಳೆಯ ಮಾತ್ರೆಗಳಿಂದಾಗಿ ಆ ದ್ವೀಪದಲ್ಲಿ ಮಲೇರಿಯಾ ಶೇಕಡಾ ಒಂದರ ಆಸುಪಾಸಿಗೆ ಇಳಿದಿದೆ. ಹಾಗಾದರೆ ಜ್ವರ ಯಾತರದ್ದು? ಅಲ್ಲಿನ ಹಿರಿಯ ನರ್ಸ್ ಮಗುವಿನ ಅಂಗಿ ಮೇಲೆತ್ತಿ, "ಎಣಿಸು" ಎಂದರು.

ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿಸುವಂತಿಲ್ಲ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟವಿದ್ದರೆ ನ್ಯುಮೋನಿಯಾ ಎಂದು ಸಂಶಯಿಸಬೇಕು. ಈ ಮಗುವಿಗೆ 52 ಬಂತು. 2019ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡ ರೋಗವಿದು. ಆದರೆ ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಅಗ್ಗದ ಅಮಾಕ್ಸಿಸಿಲಿನ್ ಮಾತ್ರೆ ಸಾಕು. ನೀರಿನಲ್ಲಿ ಕರಗಿಸಿ, ದಿನಕ್ಕೆರಡು ಸಲ, ಐದು ದಿನ.

ಮೊದಲ ಸಲದ ಮಾತ್ರೆಯನ್ನು ಅಲ್ಲೇ ಕುಡಿಸಿದರು. ಉಳಿದದ್ದನ್ನು ತಾಯಿಗೆ ವಿವರಿಸುವ ಕೆಲಸ ಆಕೆಯ ಪಾಲಿಗೆ ಬಂತು. ಆರು ವಾರದಲ್ಲಿ ಕಲಿತ ಸ್ವಾಹಿಲಿಯಲ್ಲಿ, ದುಭಾಷಿಯ ನೆರವಿಲ್ಲದೆ, ತಾನೇ ಹೇಳಿದಳು. ರಾತ್ರಿ ಎಂಟಕ್ಕೆ, ಹಗಲು ಎಂಟಕ್ಕೆ. ಎಂಟಕ್ಕೆ ಸ್ವಾಹಿಲಿಯಲ್ಲಿ 'ನಾನೆ'. "ಸಾ ನಾನೆ," ಎಂದು ಬೆರಳೆತ್ತಿ ಎರಡೆರಡು ಸಲ ಹೇಳಿದಳು. ತಾಯಿ ತಲೆಯಾಡಿಸಿ ಹೋದಳು. ತಪ್ಪಿಲ್ಲದೆ ಮಾತಾಡಿದೆನೆಂದು ಆಕೆಗೆ ಹೆಮ್ಮೆಯೂ ಆಯಿತು.

ಗುರುವಾರ ಮಗುವನ್ನು ಮತ್ತೆ ನೋಡುವ ದಿನ. ತಾಯಿ ಬಂದಳು. ಮಗು ಆಕೆಯ ಹೆಗಲ ಮೇಲಿಂದ ಇಣುಕಿ ನೋಡುತ್ತಿತ್ತು. ಉಸಿರು ಎಣಿಸಿದರೆ 34. ಜ್ವರವಿಲ್ಲ. ಆದರೆ ತಾಯಿಯ ಕಣ್ಣು ಕೆಂಪಾಗಿದ್ದವು. ಕೂತಲ್ಲೇ ತೂಕಡಿಸುತ್ತಿದ್ದಳು.

"ಮಾತ್ರೆ ಯಾವಾಗ ಕೊಡುತ್ತೀಯಮ್ಮ?" ಎಂದು ನರ್ಸ್ ಕೇಳಿದರು.

"ಹಗಲು ಸಾ ನಾನೆ, ರಾತ್ರಿ ಸಾ ನಾನೆ. ಒಂದು ದಿನವೂ ತಪ್ಪಿಸಿಲ್ಲ."

ನರ್ಸ್ ಏನೂ ಹೇಳದೆ ಆಕೆಯ ಕಡೆ ನೋಡಿದರು. ಒಂದು ಕ್ಷಣ ಆಕೆಗೆ ಅರ್ಥವಾಗಲಿಲ್ಲ. ಆಮೇಲೆ ಮೈ ತಣ್ಣಗಾಯಿತು. ಬೆಳಗಾದಲ್ಲಿಂದ ಎಂಟನೆಯ ಗಂಟೆ ಎಂದರೆ ಮಧ್ಯಾಹ್ನದ ಎರಡು. ಕತ್ತಲಾದಲ್ಲಿಂದ ಎಂಟನೆಯ ಗಂಟೆ ಎಂದರೆ ನಡುರಾತ್ರಿ ಕಳೆದು ಎರಡು. ಮೂರು ರಾತ್ರಿಯೂ ಆ ತಾಯಿ ಮೊಬೈಲಿನಲ್ಲಿ ಅಲಾರಂ ಇಟ್ಟು, ಎರಡು ಗಂಟೆಗೆ ಎದ್ದು, ಅಳುವ ಮಗುವನ್ನು ಎಬ್ಬಿಸಿ ಔಷಧಿ ಕುಡಿಸಿದ್ದಳು. ಮತ್ತೆ ಮಲಗಿಸುವಷ್ಟರಲ್ಲಿ ಬೆಳಗಿನ ಪ್ರಾರ್ಥನೆಯ ಕರೆ ಕೇಳಿಸುತ್ತಿತ್ತಂತೆ.

"ಇಷ್ಟು ಹೊತ್ತಿನಲ್ಲಿ ಯಾಕೆ ಎಂದು ನೀನು ಕೇಳಬಾರದಿತ್ತೇ ಮಾಮಾ?" ಎಂದಳು ಆಕೆ.

"ಡಕ್ಟಾರಿ ಹೇಳಿದ ಮೇಲೆ ಏನೋ ಕಾರಣ ಇರುತ್ತದಲ್ಲ," ಎಂದಳು ತಾಯಿ.

ಮಗುವಿಗೆ ತೊಂದರೆಯೇನೂ ಆಗಿರಲಿಲ್ಲ. ಎಂಟರಿಂದ ಎಂಟಕ್ಕೆ ಹನ್ನೆರಡು ಗಂಟೆ. ಎರಡರಿಂದ ಎರಡಕ್ಕೂ ಹನ್ನೆರಡೇ ಗಂಟೆ. ಅಂತರ ಸರಿಯಾಗಿಯೇ ಇತ್ತು. ಆದರೆ ಅದು ಲೆಕ್ಕದ ಅದೃಷ್ಟ, ಹೇಳಿದವಳ ಜಾಣತನವಲ್ಲ. ಇದೇ ಮಾತನ್ನು ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕುರಿತು ಹೇಳಿದ್ದರೆ? ಬೆಳಿಗ್ಗೆ ತಿಂಡಿಗೆ ಮೊದಲು ಏಳಕ್ಕೆ ಎಂದದ್ದು ಮಧ್ಯಾಹ್ನದ ಒಂದು ಗಂಟೆಯಾಗಿದ್ದರೆ? ತಾಯಿ ತಪ್ಪು ತಿಳಿದುಕೊಂಡಳು ಎನ್ನುವಂತೆಯೂ ಇರಲಿಲ್ಲ. ಆಕೆ ಹೇಳಿದ್ದನ್ನು ಅವಳು ಅಕ್ಷರಶಃ ಸರಿಯಾಗಿಯೇ ತಿಳಿದುಕೊಂಡಿದ್ದಳು. ಅವಳ ಆ ನಂಬಿಕೆಯೇ ಆಕೆಯನ್ನು ಹೆಚ್ಚು ಚುಚ್ಚಿತು.

ನರ್ಸ್ ಗದರಿಸಲಿಲ್ಲ. ಮಾತ್ರೆಯ ಹೊತ್ತನ್ನು ಸರಿಪಡಿಸಿ ತಾಯಿಯನ್ನು ಕಳಿಸಿದ ಮೇಲೆ ಇಷ್ಟೇ ಹೇಳಿದರು: "ನೀನು ಹೇಳಿ ಮುಗಿಸಿದರೆ ಅರ್ಧ ಕೆಲಸ. ಅವರ ಬಾಯಿಂದ ಮತ್ತೆ ಹೇಳಿಸಿದರೆ ಪೂರ್ತಿ."

ಶನಿವಾರ ಮಾತ್ರೆ ಮುಗಿಯುವ ದಿನ. ಹೊರಡುವ ಮುನ್ನ ಆಕೆ ಆ ತಾಯಿಯನ್ನು ಹುಡುಕಿಕೊಂಡು ಕಡಲ ದಂಡೆಗೆ ಹೋದಳು. ಆ ಊರಿನ ಹೆಂಗಸರ ದುಡಿಮೆ ಕಡಲಪಾಚಿಯ ಬೇಸಾಯ. 1980ರ ದಶಕದ ಕೊನೆಯಲ್ಲಿ ದ್ವೀಪಕ್ಕೆ ಬಂದದ್ದು. ನೀರು ಇಳಿದಾಗ ಮರಳಿಗೆ ಗೂಟ ನೆಟ್ಟು, ಹಗ್ಗ ಕಟ್ಟಿ, ಪಾಚಿಯ ತುಂಡುಗಳನ್ನು ಪೋಣಿಸುತ್ತಾರೆ. ಒಣಗಿದ ಪಾಚಿ ಪರದೇಶಕ್ಕೆ ಹೋಗುತ್ತದೆ. ಅದರಿಂದ ತೆಗೆದ ಅಂಟು ಐಸ್‌ಕ್ರೀಮು, ಟೂತ್‌ಪೇಸ್ಟುಗಳನ್ನು ಮಂದಗೊಳಿಸಲು ಬೇಕು. ನೀರಿಳಿಯುವ ಹೊತ್ತು ಚಂದ್ರನನ್ನು ಅನುಸರಿಸಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ವಾರ ಅದು ಮಧ್ಯಾಹ್ನಕ್ಕೆ ಬಿದ್ದಿತ್ತು. ಹಾಗಾದರೆ ಹಗಲಿನ ಮಾತ್ರೆಗಾಗಿಯೂ ಅವಳು ಎರಡು ದಿನ ಕೆಲಸವನ್ನು ನಡುವೆಯೇ ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಡೆದು ಮನೆಗೆ ಹೋಗಿರಬೇಕು! ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆಕೆ ಕ್ಷಮೆ ಕೇಳಿದಳು. ತಾಯಿ ನಕ್ಕು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಆಕೆಯ ಕೈ ಹಿಡಿದು, "ಪೋಲೆ" ಎಂದಳು. ಕಷ್ಟಪಟ್ಟವರಿಗೆ ಆ ನಾಡಿನಲ್ಲಿ ಹೇಳುವ ಸಮಾಧಾನದ ಮಾತು ಅದು. ಮೂರು ರಾತ್ರಿ ನಿದ್ದೆಗೆಟ್ಟವಳು, ನಿದ್ದೆಗೆಡಿಸಿದವಳಿಗೆ ಹೇಳಿದ್ದಳು.

ಭಾನುವಾರ ಬೆಳಗಿನ ಹಡಗು. ದಕ್ಷಿಣದಿಂದ ಗಾಳಿ ಬೀಸುತ್ತಿತ್ತು. ಅಲ್ಲಿ ಅದನ್ನು 'ಕೂಸಿ' ಎನ್ನುತ್ತಾರೆ. ಇದೇ ಗಾಳಿ ಆಫ್ರಿಕದ ಕರೆಯುದ್ದಕ್ಕೂ ಮೇಲೇರಿ, ಸಮಭಾಜಕ ವೃತ್ತ ದಾಟಿ, ಭೂಮಿ ತಿರುಗುವ ಕಾರಣ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ನೀರನ್ನು ಹೊತ್ತು ಜೂನ್ ತಿಂಗಳಲ್ಲಿ ನಮ್ಮ ಮಂಗಳೂರು, ಕಾರವಾರಗಳಿಗೆ ಮಳೆಯಾಗಿ ಬರುತ್ತದೆ. ಹಿಂದೆ ಹಾಯಿ ಹಡಗುಗಳು ಜಾಂಜಿಬಾರಿನಿಂದ ಭಾರತಕ್ಕೆ ಮರಳುತ್ತಿದ್ದುದು ಈ ಗಾಳಿಯನ್ನು ನಂಬಿಯೇ.

ಪಕ್ಕದಲ್ಲಿ ಕೂತ ಮುದುಕರೊಬ್ಬರು ಗಂಟೆಯೆಷ್ಟೆಂದು ಕೇಳಿದರು. ಆಕೆಯ ಗಡಿಯಾರ ಏಳು ತೋರಿಸುತ್ತಿತ್ತು. ಆಕೆ ಒಂದು ಗಳಿಗೆ ತಡೆದು, ಮನಸ್ಸಿನಲ್ಲೇ ಲೆಕ್ಕ ಹಾಕಿ, "ಸಾ ಮೋಜಾ" ಎಂದಳು.

ಆಗಸ್ಟಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಆಕೆ ಮನೆಗೆ ಕಳಿಸಬೇಕಾಗಿದ್ದ ರೋಗಿ ಎಂಬತ್ತು ದಾಟಿದ ಅಜ್ಜಿ. ಭಾಷೆ ಒಂದೇ, ಗಡಿಯಾರವೂ ಒಂದೇ. ಆದರೂ ಮಾತ್ರೆಗಳ ವಿವರ ಹೇಳಿ ಮುಗಿಸಿದ ಮೇಲೆ ಆಕೆ ಎದ್ದು ಹೋಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ನೀವೊಮ್ಮೆ ಹೇಳಿ," ಎಂದಳು.