ನನ್ನಂಥವಳ ಕಥೆ ಎಲ್ಲಿದೆ?

ಮನೆಯಲ್ಲಿ ಓದುವ ಹುಚ್ಚಿನವರು ಒಬ್ಬರಿದ್ದರೆ ಅವರ ಕಪಾಟು ಓಣಿಗೆಲ್ಲ ಔಷಧಾಲಯವಾಗಿಬಿಡುತ್ತದೆ. ಪರೀಕ್ಷೆಗೆ ಕುಳಿತವರು ವ್ಯಾಕರಣವನ್ನು ಕೇಳುತ್ತಾರೆ. ಮದುವೆ ಗೊತ್ತಾದವರು ಪಾಕಶಾಸ್ತ್ರವನ್ನು ಕೇಳುತ್ತಾರೆ. ನಿವೃತ್ತರಾದವರು ವಚನ ಸಂಪುಟವನ್ನು ವಿಚಾರಿಸಿ ಪತ್ತೇದಾರಿ ಕಾದಂಬರಿಯನ್ನು ಒಯ್ಯುತ್ತಾರೆ. ಯಾದಗಿರಿಯ ನಮ್ಮ ಓಣಿಯಲ್ಲಿ ಈ ಔಷಧಾಲಯದ ಉಸ್ತುವಾರಿ ಬಹುಕಾಲದಿಂದ ನನ್ನದು. ಯಾರನ್ನೂ ಬರಿಗೈಯಲ್ಲಿ ಕಳುಹಿಸಿದವಳಲ್ಲ ಎಂಬ ಸಣ್ಣದೊಂದು ಜಂಬವೂ ನನಗುಂಟು.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ಆ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ಬಂದ ಹುಡುಗಿ. ಮನೆಯಲ್ಲಿ ವರಾನ್ವೇಷಣೆ ಭರದಿಂದ ಸಾಗಿದ್ದ ಕಾಲ. ಕೊನೆಗೆ ಪುಸ್ತಕಗಳ ಬೆನ್ನನ್ನೇ ನೋಡುತ್ತ ಕೇಳಿದಳು:

"ಚಿಗವ್ವಾ, ನನ್ನಂಥಾಕಿ ಕಥಿ ಯಾವ ಪುಸ್ತಕದಾಗರ ಅದ ಏನು?"

"ನಿನ್ನಂಥಾಕಿ ಅಂದ್ರ?"

"ಗಂಡಸರ ಮ್ಯಾಲ ಮನಸ್ಸು ಬರದಾಕಿ. ಹೆಣ್ಣಿನ ಮ್ಯಾಲ ಬಂದಾಕಿ."

ಸಮಾಧಾನದ ಮಾತು ಕೇಳಿದ್ದರೆ ಹೇಗೋ ಹೇಳುತ್ತಿದ್ದೆ. ಆಕೆ ಕೇಳಿದುದು ಪುಸ್ತಕವನ್ನು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದು ಗಂಡನ್ನು ಪ್ರೀತಿಸುವ ಗಂಡಿನ ಬಾಳನ್ನು ನಮ್ಮ ಮುಂದಿಟ್ಟಿತ್ತು, ಅದು ನನ್ನಲ್ಲಿತ್ತು. ಹೆಣ್ಣಿನ ಕಥೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಯಿತು.

ಹುಡುಕಾಟ ಮೊದಲಾದುದು ನೆರೆಮನೆಯಿಂದಲೇ. 1948ರ ಸೆಪ್ಟೆಂಬರಿನವರೆಗೆ ನಮ್ಮ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ರಾಜಭಾಷೆ ಉರ್ದು. ಆ ಭಾಷೆಯ ಒಳ್ಳೆಯ ಓದು ಇಲ್ಲಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ನೆರೆಯ ವೃದ್ಧೆಯೊಬ್ಬರು ಇಸ್ಮತ್ ಚುಗ್ತಾಯಿಯವರ 'ಲಿಹಾಫ್' ಕಥೆಯನ್ನು ಓದಿ ನನಗೆ ಅರ್ಥ ಹೇಳಿದರು. 1942ರಲ್ಲಿ ಪ್ರಕಟವಾದ ಕಥೆಯದು. ಗಂಡನು ಕಣ್ಣೆತ್ತಿ ನೋಡದ ಬೇಗಂ, ಆಕೆಯ ಸೇವಕಿ, ರಾತ್ರಿ ಅಲುಗುವ ರಜಾಯಿ, ಅದನ್ನು ಕಂಡು ಹೆದರುವ ಒಂದು ಮಗು. ಅಶ್ಲೀಲವೆಂಬ ಆಪಾದನೆಯ ಮೇಲೆ ಲೇಖಕಿಯನ್ನು ಲಾಹೋರಿನ ನ್ಯಾಯಾಲಯಕ್ಕೆ ಎಳೆದರು, ಕೊನೆಗೆ ಖುಲಾಸೆಯಾಯಿತು. ಕಥೆ ಮುಗಿದ ಮೇಲೆ ನನ್ನ ನೆರೆಯವರು ಕನ್ನಡಕ ತೆಗೆದು, "ಅಷ್ಟು ದೊಡ್ಡ ಹವೇಲಿದಾಗ ಚಳಿ ಆಗ್ತದೇನವ್ವಾ ಅಂತ ಆ ಬೇಗಂಗ ಒಬ್ಬರೂ ಕೇಳಲಿಲ್ಲ ನೋಡ್ರಿ" ಎಂದರು. ಅಂಥ ವಿಮರ್ಶೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಆದರೂ ಆ ಹುಡುಗಿಗೆ ಮೊದಲ ಪುಸ್ತಕವಾಗಿ ಅದನ್ನು ಕೊಡಲು ಮನಸ್ಸಾಗಲಿಲ್ಲ. ಹೆದರಿದ ಕಣ್ಣಿನಿಂದ ಕಂಡ ಪ್ರೇಮ, ಹೆದರಿದವಳಿಗೆ ಏನು ಧೈರ್ಯ ಕೊಟ್ಟೀತು? ಮುಂದೆ ನೋಡಿದೆ. ರ್‍ಯಾಡ್‌ಕ್ಲಿಫ್ ಹಾಲ್ ಅವರ 'ದಿ ವೆಲ್ ಆಫ್ ಲೋನ್ಲಿನೆಸ್' ಪ್ರಕಟವಾದ 1928ರಲ್ಲಿಯೇ ಇಂಗ್ಲೆಂಡಿನ ನ್ಯಾಯಾಲಯ ಅದನ್ನು ಅಶ್ಲೀಲವೆಂದು ನಿರ್ಣಯಿಸಿತು. ಅದರ ನಾಯಕಿ ಪ್ರೇಯಸಿಯನ್ನು ಗಂಡಸೊಬ್ಬನಿಗೆ ಬಿಟ್ಟುಕೊಟ್ಟು ಒಂಟಿಯಾಗುತ್ತಾಳೆ. ವಿಜಯ ತೆಂಡುಲ್ಕರರು 1981ರಲ್ಲಿ ಮರಾಠಿ ರಂಗಕ್ಕೆ ತಂದ 'ಮಿತ್ರಾಚೀ ಗೋಷ್ಟ' ನಾಟಕದ ನಾಯಕಿಗೂ ನೆಮ್ಮದಿಯಿಲ್ಲ, ಸಾವೇ ಗತಿ. ಎರಡೂ ಶ್ರೇಷ್ಠ ಕೃತಿಗಳೇ. ಆದರೆ ಜ್ವರದಲ್ಲಿರುವವರಿಗೆ ಸ್ಮಶಾನದ ದಾರಿ ತೋರಿಸುವ ವೈದ್ಯರುಂಟೆ?

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ಅಂಥಾ ಪುಸ್ತಕ ಮನೆತನಸ್ಥರು ಓದೂದಿಲ್ರೀ" ಎಂದರು. ಮನೆತನಸ್ಥಳಾಗಿ ಎದುರಿಗೇ ನಿಂತಿದ್ದ ನಾನು ಅವರಿಗೆ ಕಾಣಿಸಲಿಲ್ಲವೆಂದು ತೋರುತ್ತದೆ! ದೂರದ ಊರುಗಳಿಂದ ಅಂಚೆಯಲ್ಲಿ ತರಿಸಿದೆ.

ಹಾಗೆ ಬಂದವುಗಳಲ್ಲಿ ನಾಲ್ಕನ್ನು ನಿಮಗೂ ಹೇಳುತ್ತೇನೆ. ಪೆಟ್ರೀಷಿಯಾ ಹೈಸ್ಮಿತ್ ಅವರು 1952ರಲ್ಲಿ ಬೇರೆ ಹೆಸರಿನಿಂದ ಪ್ರಕಟಿಸಿದ 'ದಿ ಪ್ರೈಸ್ ಆಫ್ ಸಾಲ್ಟ್' ಕಾದಂಬರಿಯಲ್ಲಿ ಪ್ರೀತಿಸಿದ ಇಬ್ಬರು ಹೆಂಗಸರು ಸಾಯುವುದಿಲ್ಲ, ಅಗಲುವುದೂ ಇಲ್ಲ; ಇದಕ್ಕಾಗಿಯೇ ಓದುಗರಿಂದ ಅವರಿಗೆ ಕೃತಜ್ಞತೆಯ ಪತ್ರಗಳು ಬಂದುವಂತೆ. ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್' (1982) ಕಾದಂಬರಿಯ ಶಗ್ ಗಂಡಸರನ್ನೂ ಪ್ರೀತಿಸುತ್ತಾಳೆ, ಹೆಂಗಸನ್ನೂ ಪ್ರೀತಿಸುತ್ತಾಳೆ. ಎರಡು ಮನಸ್ಸಿನವಳೆಂದು ಲೇಖಕಿ ಆಕೆಯನ್ನು ಹಂಗಿಸುವುದಿಲ್ಲ. ಅಶ್ವಿನಿ ಸುಕ್ತಣಕರ್ ಸಂಪಾದಿಸಿದ 'ಫೇಸಿಂಗ್ ದ ಮಿರರ್' (1999) ನಮ್ಮ ದೇಶದ ಇಂಥ ಹೆಣ್ಣುಮಕ್ಕಳೇ ಬರೆದ ಬರಹಗಳ ಸಂಗ್ರಹ. ಇದು ಸಿರಿವಂತರ ಶೋಕಿ, ಪರದೇಶದ ಗಾಳಿ ಎನ್ನುವವರಿಗೆ ಮಾಯಾ ಶರ್ಮಾ ಅವರ 'ಲವಿಂಗ್ ವಿಮೆನ್' (2006) ಸಾಕು. ಅಲ್ಲಿರುವವರು ಉತ್ತರ ಭಾರತದ ದುಡಿಯುವ ವರ್ಗದ ಹೆಂಗಸರು.

ಹುಡುಗಿ ನಾಲ್ಕನ್ನೂ ಓದಿದಳು. ಆದರೆ ವರನ ಕಡೆಯವರನ್ನು ಕರೆಸುತ್ತಿದ್ದವಳು ಅವಳ ತಾಯಿ. ಅಕ್ಕನಿಗೆ ಇಂಗ್ಲಿಷು ಬಾರದು. ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತ ಕುಳಿತಾಗ ವಾಕರರ ಸೀಲಿಯ ಕಥೆಯನ್ನು ನಮ್ಮ ಓಣಿಯ ಮಾತಿನಲ್ಲಿ ಹೇಳಿದೆ. ಹೊಡೆಯುವ ಗಂಡನಿಂದ ಬಿಡಿಸಿಕೊಂಡದ್ದು, ಶಗ್ ಕೈಹಿಡಿದದ್ದು, ಎಲ್ಲವನ್ನೂ. ಅಕ್ಕ ಮೊರದಿಂದ ತಲೆಯೆತ್ತದೆ, "ಕಡೀಕ ಆಕಿ ಬಾಳೇ ಮಾಡಿದ್ಳೇನು?" ಎಂದಳು. "ಮಾಡಿದ್ಳು. ಸ್ವಂತ ಮನಿ ಆಯ್ತು, ಪ್ಯಾಂಟು ಹೊಲದು ನಾಕು ರೊಕ್ಕ ಗಳಿಸಿದ್ಳು" ಎಂದೆ. ಅಕ್ಕ ಮರುಮಾತಾಡಲಿಲ್ಲ. ಆ ವಾರ ಬರಬೇಕಾಗಿದ್ದವರಿಗೆ ಬರಬೇಡಿರೆಂದು ಹೇಳಿಕಳುಹಿಸಿದಳು. ಪೂರ್ತಿ ಒಪ್ಪಿದಳೆಂದು ಹೇಳಲಾರೆ. ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಹಬ್ಬಕ್ಕೆ ತಪ್ಪದೆ ಬರುತ್ತಾಳೆ.

ಕಾನೂನು ತನ್ನ ದಾರಿಯಲ್ಲಿ ನಡೆದಿದೆ. ಒಪ್ಪಿ ಪ್ರೀತಿಸಿದ ವಯಸ್ಕರು ಅಪರಾಧಿಗಳಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅವರ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ತೀರ್ಪು ಮನೆಯ ಹೊಸ್ತಿಲವರೆಗೆ ಬಂದೀತು. ಒಳಗೆ ಕುಳಿತು ತಾಯಿಯೊಡನೆ ಮಾತನಾಡಲು ಕಥೆಯೇ ಬೇಕು.

ಆದುದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗಳ ದಿಂಬಿನ ಕೆಳಗೆ ಇಂಥದೊಂದು ಪುಸ್ತಕ ಸಿಕ್ಕರೆ ಕೂಗಾಡಬೇಡಿ, ಹರಿಯಬೇಡಿ. ಸಾಧ್ಯವಾದರೆ ನೀವೂ ಓದಿ. ಓದಿದ ಮೇಲೆ ಇದ್ದ ಜಾಗದಲ್ಲಿಯೇ ಇಡಿ. ಆಕೆ ಗುರುತಿಗಾಗಿ ಮಡಿಸಿಟ್ಟ ಹಾಳೆಯ ಮೂಲೆಯನ್ನು ಮಾತ್ರ ನೆಟ್ಟಗೆ ಮಾಡಬೇಡಿ.